ಏಳನೇ ಗುಂಡಿ

ಜೂನ್ 4

ತಮ್ಮಾ,

ನಿನ್ನ ಕಾಗದ ಕ್ಲಿನಿಕ್ ವಿಳಾಸಕ್ಕೇ ಬಂತು. ಫೋನ್ ಇಟ್ಕೊಂಡೂ ಕಾಗದ ಬರೆಯೋ ಅಕ್ಕ ತಮ್ಮ ಊರಿಗೆಲ್ಲ ನಾವಿಬ್ರೇ ಇರ್ಬೇಕು ಅಂತ ನಮ್ಮ ಹಲ್ಲಿನ ಡಾಕ್ಟ್ರಮ್ಮ ನಗ್ತಾರೆ. ಎರಡು ಕೋಣೆ ಮನೆ, ನಡುವೆ ಒಂದು ಪರದೆ, ನಾನು ಫೋನಲ್ಲಿ ಗುಸುಗುಸು ಅಂದ್ರೂ ಚಿಕ್ಕಮ್ಮನಿಗೆ ಕೇಳುತ್ತೆ ಅನ್ನೋದು ಅವರಿಗೇನು ಗೊತ್ತು.

ಇಷ್ಟು ವರ್ಷ ಕೇಳಿದ ಸಂಗೀತದಲ್ಲಿ ಸಾಯೋವರೆಗೂ ಮರೆಯದೇ ಇರೋದು ಯಾವುದು ಅಂತ ಕೇಳಿದೀಯ. ನಿನ್ನದು ಪಿಟೀಲು ಮೇಷ್ಟ್ರ ಕಛೇರಿ ಅಂತ ಬರೆದಿದೀಯ. ತಂತಿ ಕಿತ್ತುಹೋದ ಮೇಲೂ ಉಳಿದ ತಂತಿಯಲ್ಲೇ ಮುಗಿಸಿದ್ರಲ್ಲ, ಆ ಸಂಜೆ. ನಂಗೂ ನೆನಪಿದೆ. ಅರ್ಧ ಕಛೇರಿ ನೀನು ನನ್ನ ಹೆಗಲ ಮೇಲೆ ಜೊಲ್ಲು ಸುರಿಸ್ಕೊಂಡು ಮಲಗಿದ್ದೆ ಅನ್ನೋದನ್ನ ಮಾತ್ರ ಬರೆಯೋಕೆ ಮರೆತಿದೀಯ.

ನನ್ನದು ಯಾವ ಸಭಾಂಗಣದಲ್ಲೂ ಕೇಳಿದ್ದಲ್ಲ. ಚಿಕ್ಕಮ್ಮ ಕೆಲಸಕ್ಕಿದ್ದ ಆಸ್ಪತ್ರೆಯ ಬಟ್ಟೆ ಒಗೆಯೋ ಕೋಣೆ. ಸ್ಕೂಲು ಬಿಟ್ಟು ಅಲ್ಲಿಗೇ ಹೋಗ್ತಿದ್ವಲ್ಲ. ನೆನೆದ ದೊಡ್ಡ ಬೆಡ್‌ಶೀಟಿನ ಆ ತುದಿಗೊಬ್ಬಳು, ಈ ತುದಿಗೊಬ್ಬಳು ನಿಂತು ಹಿಂಡೋರು. ಆ ತುದಿಯವಳು ಹಾಡಲ್ಲೇ ಒಂದು ಕೇಳ್ತಿದ್ದಳು, ಈ ತುದಿಯವಳು ಉತ್ತರ ಹೇಳ್ತಾ ಒಂದು ಸುತ್ತು ತಿರುವ್ತಿದ್ದಳು. ಉತ್ತರ ತಡವಾದ್ರೆ ಶೀಟು ಬಿಚ್ಚಿಕೊಂಡು ಇಬ್ಬರ ಮೇಲೂ ನೀರು. ಡೋಲಿಲ್ಲ, ಶ್ರುತಿ ಇಲ್ಲ. ಕಲ್ಲಿನ ಮೇಲೆ ನೀರು ಬೀಳೋ ಸದ್ದೇ ತಾಳ. ಅಷ್ಟು ಚೆಂದದ ಕಛೇರಿ ನಾನು ಆಮೇಲೆ ಕೇಳಿಲ್ಲ.

ಈಗ ಹೇಸಿಗೆ ವಿಷಯಕ್ಕೆ ಬರ್ತೀನಿ.

ನಿನ್ನೆ ಕ್ಲಿನಿಕ್ಕಲ್ಲಿ ಒಬ್ಬರ ಹಲ್ಲಿನ ಸೆಟ್ಟಿಗೆ ಮೇಣ ತಿದ್ದುತ್ತಾ ಕೂತಿದ್ದೆ. ಹೊರಗೆ ರೋಗಿಗಳು ಕೂರೋ ಕಡೆ ಟೀವಿ. ಅದರಲ್ಲಿ ಒಬ್ಬ ಗಾಯಕ. 'ಮಣ್ಣಿನ ದನಿ' ಅಂತೆ ಬಿರುದು. ಹೆಗಲ ಮೇಲೆ ಬೇಕಂತಲೇ ಹರಿದ ಕಂಬಳಿ, ಕಾಲಲ್ಲಿ ಮುಖ ಕಾಣೋ ಅಷ್ಟು ಹೊಳೆಯೋ ಬೂಟು. ನಾನು ಹಲ್ಲು ಮಾಡೋಳು, ಬಾಯಿ ತೆರೆದ್ರೆ ಗೊತ್ತಾಗುತ್ತೆ, ಮೇಲಿನ ಆರೂ ಮಾಡಿಸಿದ್ದು. ಅದಕ್ಕೆ ನನ್ನ ಆಕ್ಷೇಪಣೆ ಇಲ್ಲ. ಅವನು ಹಾಡಿದ ಹಾಡು ಕೇಳು:

ದೀಪ ಆರಿಸಲಾ ಚೆಲುವಿ, ಕದ ಮುಚ್ಚಲಾ
ನೀ ಮಲಗಿದ ಮೇಲೆ ನಾ ಯಾರ ಕರೆಯಲಾ

'ಕದ ಮುಚ್ಚಲಾ' ಅಂದಾಗ ಅವನು ಕಣ್ಣು ಹೊಡೀತಾನೆ. ಜನ ಶಿಳ್ಳೆ ಹಾಕ್ತಾರೆ. ಕೆನ್ನೆ ಊದಿಸ್ಕೊಂಡು ಬಂದಿದ್ದ ಒಬ್ಬ ರೋಗಿ ಕಾಲಲ್ಲಿ ತಾಳ ಹಾಕ್ತಿದ್ದ.

ಆ ದಿನದ ಬಗ್ಗೆ ನಾವು ಮೂವತ್ತು ವರ್ಷದಲ್ಲಿ ಒಂದು ಸಲವೂ ಮಾತಾಡಿಲ್ಲ. ಇವತ್ತು ಬರೆದೇ ಬಿಡ್ತೀನಿ. ಚಿಕ್ಕಮ್ಮನ ಪುಟ್ಟೀನ ಆಸ್ಪತ್ರೆಯಿಂದ ಹೆಣವಾಗಿ ತಂದ ದಿನ. ಆರು ವರ್ಷದ ಮಗು. ಚಿಕ್ಕಮ್ಮ ಎಲ್ಲರನ್ನೂ ಹೊರಗೆ ಕಳಿಸಿ, ಮಗೂನ ತೊಡೆ ಮೇಲೆ ಹಾಕ್ಕೊಂಡು, ದಿನಾ ಮಲಗಿಸೋವಾಗ ಹಾಡೋ ಹಾಡನ್ನೇ ಹಾಡಿದ್ಲು. 'ದೀಪ ಆರಿಸಲಾ ಕಂದಾ.' ನಾನು ಬಾಗಿಲ ಹೊರಗಿದ್ದೆ. ಎರಡನೇ ಸಾಲು ಅವತ್ತು ಮಾತ್ರ ಬಂದಿದ್ದು. ಅದಕ್ಕೆ ಮುಂಚೆ ಇರಲಿಲ್ಲ, ಆಮೇಲೆ ಅವಳು ಹಾಡಲೇ ಇಲ್ಲ.

ಅದನ್ನ ಇವನು ಮಲಗೋ ಕೋಣೆ ಹಾಡು ಮಾಡಿದಾನೆ. ಮೇಣದ ಚಾಕು ಕೆಳಗಿಟ್ಟು ಹೋಗಿ ಟೀವಿ ಆರಿಸಿ ಬಂದೆ ತಮ್ಮಾ. ನೀನು ಅದೇ ಕಸುಬಲ್ಲಿದೀಯ, ದೊಡ್ಡ ದೊಡ್ಡ ಕಛೇರಿಗೆ ಮೈಕು ನೋಡ್ಕೋತೀಯ. ಇವನಿಗೆ ಇದು ಎಲ್ಲಿಂದ ಸಿಕ್ತು, ವಿಚಾರಿಸು. ಚಿಕ್ಕಮ್ಮ ಇನ್ನೂ ಕೇಳಿಲ್ಲ. ಅವಳ ರೇಡಿಯೋ ಕೆಟ್ಟಿದೆ ಅಂತ ಹೇಳಿ ಕಪಾಟಿನ ಮೇಲಿಟ್ಟಿದೀನಿ.

ನಿನ್ನ ಅಕ್ಕ


ಜೂನ್ 19

ಅಕ್ಕಾ,

ಕಾಗದ ಬಂದು ಹತ್ತು ದಿನ ಆಯ್ತು. ಕೆಲಸ ಜಾಸ್ತಿ, ತಪ್ಪು ತಿಳೀಬೇಡ.

ಬಟ್ಟೆ ಹಿಂಡೋರ ಹಾಡು ಓದಿ ನಂಗೂ ಒಂದು ನೆನಪಾಯ್ತು. ಹೋದ ವರ್ಷ ಜನಪದ ಹಾಡುಗಾರರ ಮೇಳ ಅಂತ ಒಂದಿತ್ತು. ದೋಣಿ ನಡೆಸೋ ಒಬ್ಬ ಮುದುಕ ಬಂದಿದ್ದ. ಮೈಕ್ ಮುಂದೆ ನಿಲ್ಲಿಸಿದ್ರೆ ಹಿಂದೆ ಹಿಂದೆ ಸರೀತಾನೆ. "ಏನಜ್ಜ, ಕಚ್ಚುತ್ತಾ ಅದು?" ಅಂದೆ. "ಕಚ್ಚಿದ್ರೆ ಪರವಾಗಿಲ್ಲಪ್ಪ, ನುಂಗಿದ್ರೆ?" ಅಂದ. ಕೊನೆಗೆ ಮೈಕ್ ತೆಗೆಸಿ ಹಾಗೇ ಹಾಡಿದ. ಸಾವಿರ ಜನ ಉಸಿರು ಹಿಡಿದು ಕೂತಿದ್ರು. ನಾನು ಸದ್ದು ಏರಿಸಿ ಇಳಿಸೋ ಬೋರ್ಡ್ ಮುಂದೆ ಕೈ ಕಟ್ಟಿ ಕೂತಿದ್ದೆ. ಕೆಲಸ ಇಲ್ಲದೇ ಅಷ್ಟು ಸುಖವಾಗಿ ಕೂತ ಕಛೇರಿ ಅದೊಂದೇ.

ನೀನು ಕೇಳಿದ ವಿಷಯ. ಅಕ್ಕಾ, ಇಂಥ ಹಾಡು ಯಾರೊಬ್ಬರ ಸ್ವತ್ತೂ ಅಲ್ಲ. ದೀಪ, ಕದ, ನಿದ್ದೆ ಎಲ್ಲಾ ತಾಯಂದಿರ ಬಾಯಲ್ಲೂ ಇರೋ ಮಾತೇ. ಇನ್ನೊಂದು ಊರಲ್ಲಿ ಇನ್ನೊಬ್ಬಳು ತಾಯಿ ಇದೇ ಸಾಲು ಹಾಡಿರಬಹುದು. ಎರಡನೇ ಸಾಲು ಚಿಕ್ಕಮ್ಮನದೇ ಅಂತ ನಿಂಗೆ ಅನ್ನಿಸ್ತಿರೋದು, ಅವತ್ತು ನೀನಿದ್ದ ಸ್ಥಿತಿಗೆ. ಆ ಗಾಯಕನ್ನ ನಾನು ಒಂದೆರಡು ಸಲ ದೂರದಿಂದ ನೋಡಿದೀನಿ, ಅಷ್ಟೆ. ಪರಿಚಯ ಇಲ್ಲ. ಇಂಥ ಹಾಡುಗಳ ಆಯಸ್ಸು ಆರು ತಿಂಗಳು. ಆಮೇಲೆ ಜನ ಇನ್ನೊಂದಕ್ಕೆ ಕುಣೀತಾರೆ. ತಲೆಗೆ ಹಚ್ಕೋಬೇಡ.

ಚಿಕ್ಕಮ್ಮನ ಮಂಡಿ ನೋವು ಹೇಗಿದೆ? ರೇಡಿಯೋ ಅಲ್ಲೇ ಇರ್ಲಿ.

ನಿನ್ನ ತಮ್ಮ


ಜೂನ್ 27

ತಮ್ಮಾ,

ನೀನು ಬರೆದಿದ್ದನ್ನ ಎರಡು ಸಲ ಓದಿದೆ. ಸಮಾಧಾನ ಮಾಡೋಕೆ ಬರೆದಿದೀಯ, ಗೊತ್ತು. ಆದ್ರೆ ತಿಳುವಳಿಕೆ ಹೇಳೋವಾಗ ನೀನು ಥೇಟ್ ಹಾಲ್ ಬುಕ್ ಮಾಡೋ ಮ್ಯಾನೇಜರ್ ಥರ ಮಾತಾಡ್ತೀಯ.

ಮೊನ್ನೆ ಎಕ್ಸ್‌ರೇ ತೆಗೆಯೋ ಹುಡುಗಿಯ ಹೆಡ್‌ಫೋನ್ ಇಸ್ಕೊಂಡು ಆ ಹಾಡನ್ನ ಶುರುವಿಂದ ಕೇಳಿದೆ. ಮೊದಲ ಸಾಲಿಗೂ ಎರಡನೇ ಸಾಲಿಗೂ ನಡುವೆ ಅವನು ಸುಮ್ಮನಾಗ್ತಾನೆ. ಅಲ್ಲಿ ಒಂದು ಹೆಣ್ಣು ದನಿ ಬರುತ್ತೆ. ಪದ ಇಲ್ಲ. ಉಸಿರು ಒಳಗೆ ಎಳ್ಕೊಂಡು, ತಡೆದು, ಬಿಡೋ ಸದ್ದು. ಕುಣಿಯೋರಿಗೆ ಅದು ಸುಖದ ನರಳಿಕೆ. ಅಲ್ಲೇ ಅತಿ ಜಾಸ್ತಿ ಶಿಳ್ಳೆ.

ಅದು ಚಿಕ್ಕಮ್ಮನ ಬಿಕ್ಕು.

ಅನುಮಾನ ಇಲ್ಲ. ಮೂವತ್ತು ವರ್ಷ ಪಕ್ಕದ ಹಾಸಿಗೆಯಲ್ಲಿ ಮಲಗಿದೀನಿ, ಅವಳ ಉಸಿರು ನಂಗೆ ಗೊತ್ತಿಲ್ವಾ. ಅವತ್ತು ಬಾಗಿಲಾಚೆಯಿಂದ ಕೇಳಿದ್ದೇ ಅದು, ಯಥಾವತ್ತು. ಯಾರೋ ಹಾಡು ಕದ್ದಿದ್ರೆ ಬೈದು ಸುಮ್ಮನಾಗ್ತಿದ್ದೆ. ಮಗು ಹೆಣ ತೊಡೆ ಮೇಲಿಟ್ಕೊಂಡು ಅತ್ತ ತಾಯಿಯ ಬಿಕ್ಕನ್ನ ಕತ್ತರಿಸಿ ತಂದು ಜನರ ತೀಟೆಗೆ ಬಡಿಸಿದಾರೆ. ಎರಡು ದಿನದಿಂದ ಕೈ ತೊಳೀತಾನೇ ಇದೀನಿ.

ಹಾಗಿದ್ರೆ ಅವತ್ತು ಟೇಪ್ ಆಗಿತ್ತು. ಮನೇಲಿ ಟೇಪ್ ರೆಕಾರ್ಡರ್ ಇದ್ದಿದ್ದು ಒಂದೇ, ಚಿಕ್ಕಪ್ಪ ತಂದಿದ್ದು. ಆ ಮನುಷ್ಯ ಮಗು ಹೋಗಿ ವರ್ಷ ತುಂಬೋಕೆ ಮುಂಚೆ ಇನ್ನೊಂದು ಮನೆ ಮಾಡ್ಕೊಂಡು ಹೋದಾಗ ಅದನ್ನ ಕಂಕುಳಲ್ಲಿ ಇಟ್ಕೊಂಡೇ ಹೋಗಿದ್ದು. ಬೇರೆ ಯಾರಿಗೆ ಸಾಧ್ಯ? ಬಿಟ್ಟುಹೋದ ಹೆಂಡತಿಯ ಅಳು ಮಾರ್ಕೊಂಡು ತಿಂದಿದಾನೆ. ಊರಿನ ಆ ಕೊನೇಲಿ ಇದಾನಂತೆ. ಹೋಗಿ ಮುಖಕ್ಕೆ ಉಗಿದು ಬರ್ತೀನಿ. ನೀನು ಒಂದು ಕೆಲಸ ಮಾಡು, ಆ ಗಾಯಕನಿಗೆ ಕೊಟ್ಟಿದ್ದು ಯಾರು ಅಂತ ಅವನ ಕಡೆಯೋರನ್ನ ಕೇಳಿ ಖಾತ್ರಿ ಮಾಡಿ ಬೇಗ ಬರಿ.

ಅಕ್ಕ


ಜುಲೈ 16

ತಮ್ಮಾ,

ಮೂರು ವಾರ ಆಯ್ತು, ನಿನ್ನಿಂದ ಒಂದು ಸಾಲಿಲ್ಲ. ಹುಷಾರಾಗಿದೀಯ ತಾನೆ? ಕಾದು ಕಾದು ನಾನೇ ಹೋಗಿಬಂದೆ.

ಮೂರನೇ ಮಹಡಿ. ಮೆಟ್ಟಿಲೆಲ್ಲ ಯಾರದ್ದೋ ಚಪ್ಪಲಿ, ಸೀಮೆಎಣ್ಣೆ ವಾಸನೆ. ಆ ಇನ್ನೊಂದು ಹೆಂಗಸು ತೀರಿಕೊಂಡು ನಾಲ್ಕು ವರ್ಷ ಆಯ್ತಂತೆ. ಅವನೊಬ್ಬನೇ. ಬಾಗಿಲು ತೆಗೆದವನು ನನ್ನ ಗುರುತು ಹಿಡಿಯೋಕೇ ಎರಡು ನಿಮಿಷ ತಗೊಂಡ. ಕಿವಿ ಸರಿಯಾಗಿ ಕೇಳಲ್ಲ. ಹಾಗಾಗಿ ನಾನು ಹೇಳಬೇಕಾಗಿದ್ದನ್ನೆಲ್ಲ ಕೂಗಿ ಹೇಳಬೇಕಾಯ್ತು. ಪಕ್ಕದ ಮನೆಯೋರು ಹೊರಗೆ ಬಂದು ನಿಂತು ಕೇಳಿದ್ರು. ನಂಗೆ ನಾಚಿಕೆ ಆಗ್ಲಿಲ್ಲ. ಹೆಣದ ಮೇಲಿನ ಬಟ್ಟೆ ಬಿಚ್ಚಿ ಮಾರೋ ಜಾತಿ ನೀನು ಅಂದೆ. ಇನ್ನೂ ಏನೇನೋ ಅಂದೆ, ಬರೆಯೋಕಾಗಲ್ಲ. ಹೊಸ್ತಿಲ ಮೇಲೆ ಉಗಿದೆ.

ಅವನು ಜಗಳ ಆಡಲಿಲ್ಲ. ಕೈಯನ್ನ ಕಿವಿ ಹಿಂದೆ ಇಟ್ಕೊಂಡು ಎಲ್ಲಾ ಕೇಳಿಸ್ಕೊಂಡ. ಆಮೇಲೆ ಏನು ಕೇಳಿದ ಗೊತ್ತಾ? "ಅವಳು ಹಾಡಿದ್ದು ಟೇಪಲ್ಲಿ ಇದೆಯೇನಮ್ಮಾ? ಅವತ್ತು ನಾನು ಗಾಡಿ ತರೋಕೆ ಹೋಗಿದ್ದೆ. ನಂಗೆ ಕೇಳಿಸಲಿಲ್ಲ. ಒಂದು ಸಲ ಕೇಳಿಸ್ತೀಯಾ?"

ನಾಟಕ ನೋಡು. ಮೈಯೆಲ್ಲ ಉರೀತು. "ಬಸ್‌ಸ್ಟ್ಯಾಂಡಲ್ಲಿ ಹೋಗಿ ನಿಂತ್ಕೋ, ಎಲ್ಲಾ ಅಂಗಡೀಲೂ ಹಾಕ್ತಾರೆ" ಅಂತ ಹೇಳಿ ಬಂದೆ.

ಬಂದಾಗಿಂದ ಆ ಮುಖ ಕಣ್ಣಿಂದ ಹೋಗ್ತಿಲ್ಲ. ಅಷ್ಟು ಚೆನ್ನಾಗಿ ನಾಟಕ ಆಡೋಕೆ ಬರುತ್ತಾ ಅವನಿಗೆ? ನೀನು ವಿಚಾರಿಸಿದ್ಯಾ? ಬೇಗ ಬರಿ.

ಅಕ್ಕ


ಜುಲೈ 30

ಅಕ್ಕಾ,

ಚಿಕ್ಕಪ್ಪ ಆಡಿದ್ದು ನಾಟಕ ಅಲ್ಲ. ಅವರಿಗೆ ಏನೂ ಗೊತ್ತಿಲ್ಲ. ಕೊಟ್ಟಿದ್ದು ನಾನು.

ಈ ಮೂರು ಮಾತು ಬರೆಯೋಕೆ ಹದಿನೈದು ಹಾಳೆ ಹರಿದು ಹಾಕಿದೀನಿ. ಇನ್ನು ಪೂರ್ತಿ ಬರೀತೀನಿ. ಅರ್ಧಕ್ಕೆ ಹರಿದು ಬಿಸಾಡಬೇಡ.

ಅವತ್ತು ನೀನು ಬಾಗಿಲ ಹೊರಗಿದ್ದೆ. ನಾನು ಪರದೆ ಈಚೆ, ಮಂಚದ ಕೆಳಗೆ. ಹದಿನಾಲ್ಕು ವರ್ಷ. ಎಲ್ಲರನ್ನೂ ಹೊರಗೆ ಕಳಿಸಿದಾಗ ನಾನು ಅಲ್ಲೇ ಉಳ್ಕೊಂಡೆ. ಟೇಪ್ ರೆಕಾರ್ಡರ್ ನನ್ನ ಪಕ್ಕದಲ್ಲೇ ಇತ್ತು. ನೀನು ನೆನಪಿಟ್ಕೊಂಡಿರ್ತೀಯ, ಆ ದಿನಗಳಲ್ಲಿ ನಾನು ಬಕೆಟ್ ಸದ್ದು, ಬೆಕ್ಕಿನ ಸದ್ದು, ಎಲ್ಲಾ ಟೇಪ್ ಮಾಡ್ತಿದ್ದೆ. ಚಿಕ್ಕಮ್ಮ ಹಾಡೋಕೆ ಶುರು ಮಾಡಿದಾಗ ಒತ್ತಿದೆ. ಯಾಕೆ ಒತ್ತಿದೆ ಅಂತ ಮೂವತ್ತು ವರ್ಷದಿಂದ ನನ್ನನ್ನೇ ಕೇಳ್ಕೊಂಡಿದೀನಿ. ಪುಟ್ಟಿಗೋಸ್ಕರ ಅಂತ ಹೇಳ್ಕೊಳ್ಳೋಕೆ ಆಸೆ ಇದೆ. ಆದ್ರೆ ಅವತ್ತು ನಂಗೆ ಅನ್ನಿಸಿದ್ದು, ದನಿ ಎಷ್ಟು ಚೆನ್ನಾಗಿದೆ ಅಂತ. ಅಷ್ಟೇ ಅನ್ನಿಸಿದ್ದು.

ಚಿಕ್ಕಪ್ಪ ರೆಕಾರ್ಡರ್ ತಗೊಂಡು ಹೋಗೋ ಹೊತ್ತಿಗೆ ಕ್ಯಾಸೆಟ್ ನನ್ನ ಜಾಮಿಟ್ರಿ ಪೆಟ್ಟಿಗೇಲಿತ್ತು.

ಆ ಗಾಯಕನ್ನ ದೂರದಿಂದ ನೋಡಿದೀನಿ ಅಂತ ಬರೆದಿದ್ದು ಸುಳ್ಳು. ಎರಡು ವರ್ಷದಿಂದ ಅವನ ತಂಡಕ್ಕೆ ಮೈಕ್ ನೋಡ್ಕೊಳ್ಳೋನು ನಾನೇ. ಒಂದು ಸಂಜೆ ಕಛೇರಿ ಮುಂಚೆ ಎಲ್ಲರೂ ಕೂತು ಜನಪದದ ಬಗ್ಗೆ ಮಾತಾಡ್ತಿದ್ರು, ನಾನು ಇಂಥ ಹಾಡುಗಾರ್ತೀನ ಕೇಳಿದೀನಿ, ಅಂಥ ಹಾಡುಗಾರನ್ನ ಕೇಳಿದೀನಿ ಅಂತ. ನಾನು ತಂತಿ ಸುತ್ತೋನು, ನನ್ನ ಯಾರೂ ಏನೂ ಕೇಳಲ್ಲ. ನಂಗೂ ಒಂದು ಹೇಳ್ಬೇಕು ಅನ್ನಿಸ್ತು. ನಿಮಗ್ಯಾರಿಗೂ ಸಿಗದೇ ಇರೋದು ಒಂದಿದೆ ಅಂದೆ. ಕೇಳಿಸಿದೆ. ಗಾಯಕ ನನ್ನ ಕೈ ಹಿಡ್ಕೊಂಡು ಅತ್ತ. ನಿಜವಾಗಿ ಅತ್ತ ಅಕ್ಕಾ, ಮೂಗು ಸೋರೋ ಹಾಗೆ. 'ನಿಮ್ಮ ಹತ್ರ ಬಂಗಾರ ಇದೆ ಗುರುಗಳೇ' ಅಂದ. ಅದುವರೆಗೆ ನನ್ನ ಏಯ್ ಮೈಕ್ ಅಂತಿದ್ದ. ಮಾರಲಿಲ್ಲ, ಸುಮ್ಮನೆ ಕೊಟ್ಟೆ. ಗುರುಗಳೇ ಅಂದನಲ್ಲ, ಅದಕ್ಕೆ.

ಹಾಡು ಹೀಗಾಗುತ್ತೆ ಅಂತ ಗೊತ್ತಿರಲಿಲ್ಲ. ಗೊತ್ತಾದ ಮೇಲೆ ಬಾಯಿ ಬಿಡಲಿಲ್ಲ. ಇನ್ನೊಂದು ಹೇಳ್ತೀನಿ, ಆಮೇಲೆ ನೀನು ಏನು ಬೇಕಾದ್ರೂ ಅನ್ನು. ಕಛೇರಿಯಲ್ಲಿ ಚಿಕ್ಕಮ್ಮನ ಬಿಕ್ಕು ತಾನಾಗಿ ಬರಲ್ಲ. ಬೋರ್ಡಿನ ಏಳನೇ ಗುಂಡಿಯಲ್ಲಿ ಅದನ್ನ ಇಟ್ಟಿದಾರೆ. ಮೊದಲ ಸಾಲು ಮುಗೀತಿದ್ದ ಹಾಗೆ ಯಾರೋ ಅದನ್ನ ಮೇಲಕ್ಕೆ ತಳ್ಳಬೇಕು. ಇಲ್ಲಿವರೆಗೆ ಹದಿನೇಳು ಕಛೇರಿಯಲ್ಲಿ ತಳ್ಳಿದೀನಿ. ಶಿಳ್ಳೆ ಬಂದಾಗ ತಲೆ ತಗ್ಗಿಸಿ ಬೇರೆ ಗುಂಡಿ ನೋಡ್ತೀನಿ.

ಚಿಕ್ಕಪ್ಪನ ಹತ್ರ ಹೋಗಿ ಹೇಳು. ನಂಗೆ ಮುಖ ಇಲ್ಲ.

ತಮ್ಮ


ಸೆಪ್ಟೆಂಬರ್ 10

ನಿನ್ನ ಕಾಗದ ಆಗಸ್ಟ್ ಮೂರಕ್ಕೆ ಬಂತು. ಉತ್ತರ ಬರೆಯೋ ಮನಸ್ಸು ಇರಲಿಲ್ಲ. ಈಗಲೂ ಇಲ್ಲ. ಚಿಕ್ಕಮ್ಮ ಬರಿ ಅಂದಳು, ಅದಕ್ಕೆ ಬರೀತಿದೀನಿ.

ಚಿಕ್ಕಮ್ಮನಿಗೆ ಗೊತ್ತಾಯ್ತು. ನಾನು ಹೇಳಿದ್ದಲ್ಲ. ಮಂಡಿ ತೋರಿಸೋಕೆ ಬಸ್ಸಲ್ಲಿ ಹೋಗಿದ್ಲು. ಡ್ರೈವರ್ ಹಾಕಿದ್ದ. ಹಿಂದಿನ ಸೀಟಲ್ಲಿ ಕಾಲೇಜು ಹುಡುಗರು ಆ ಬಿಕ್ಕು ಬಂದಾಗಲೆಲ್ಲ ಅದೇ ಥರ ಸದ್ದು ಮಾಡಿ ಒಬ್ಬರ ಮೇಲೊಬ್ಬರು ಬಿದ್ದು ನಗ್ತಿದ್ರಂತೆ. ಇಳಿಯೋ ಸ್ಟಾಪಿಗೆ ಮುಂಚೆನೇ ಇಳಿದು, ಆ ಮಂಡಿ ಇಟ್ಕೊಂಡು ಎರಡು ಮೈಲಿ ನಡೆದು ಮನೆಗೆ ಬಂದ್ಲು. ಬಂದವಳೇ ಮೊಣಕೈವರೆಗೂ ಸೋಪು ಹಚ್ಚಿ ಕೈ ತೊಳ್ಕೊಂಡ್ಲು. ಒಗೆಯೋ ಕೋಣೇಲಿ ರಕ್ತದ ಬಟ್ಟೆ ಮುಟ್ಟಿದ ದಿನ ಹಾಗೆ ತೊಳ್ಕೋತಿದ್ಲು. ಮತ್ತೆ ಬಂದು ಕೂತು ಕೇಳಿದ್ಲು, "ಅವನೇ ಅಲ್ವಾ?"

ಹೌದು ಅಂತ ತಲೆ ಆಡಿಸಿದೆ.

"ಮಂಚದ ಕೆಳಗಿಂದ ಟಕ್ ಅಂದಿದ್ದು ನಂಗೆ ಅವತ್ತೇ ಕೇಳಿಸಿತ್ತು" ಅಂದ್ಲು. "ಮುಂದೆ ಎಂದಾದ್ರೂ ಕೇಳಬೇಕು ಅನ್ನಿಸಿದ್ರೆ ಇವನ ಹತ್ರ ಇರುತ್ತಲ್ಲ ಅಂತ ಬಿಟ್ಟೆ. ಇಟ್ಕೊಂಡಿರ್ತಾನೆ ಅಂದ್ಕೊಂಡಿದ್ದೆ. ಕೊಡ್ತಾನೆ ಅಂದ್ಕೊಂಡಿರಲಿಲ್ಲ."

ಇಷ್ಟೇ ಹೇಳಿದ್ದು. ಅಳಲಿಲ್ಲ, ಬೈಯಲಿಲ್ಲ. ಅವಳು ಬೈದಿದ್ರೆ ನಂಗೆ ಹಗುರ ಆಗ್ತಿತ್ತು.

ಮಾಂಸದ ಅಂಗಡಿ ಮುಂದೆ ಹೋಗೋವಾಗ ಮೂಗು ಮುಚ್ಕೊಂಡ ಹಾಗೆ ನಿನ್ನ ಕಾಗದ ಇರೋ ಡ್ರಾಯರ್ ಮುಂದೆ ಹಾದು ಹೋಗ್ತೀನಿ. ನನ್ನ ಮೇಲೂ ಅದೇ ಹೇಸಿಗೆ. ಕಿವಿ ಕೇಳದ ಒಬ್ಬ ಮುದುಕನ ಹೊಸ್ತಿಲ ಮೇಲೆ ಉಗಿದು ಬಂದವಳು ನಾನು. ಇನ್ನೂ ಹೋಗಿ ತಪ್ಪಾಯ್ತು ಅಂದಿಲ್ಲ.

ಇದೇ ಇಪ್ಪತ್ತೈದಕ್ಕೆ ನಿನ್ನ ಗಾಯಕನ ಕಛೇರಿ ನಮ್ಮೂರ ದೊಡ್ಡ ಹಾಲಿನಲ್ಲಿ. ಪೋಸ್ಟರ್ ನೋಡಿದ್ಲು. ಎರಡು ಟಿಕೆಟ್ ತಗೋ ಅಂದ್ಲು. ಬೇಡ ಅಂತ ಎಷ್ಟು ಹೇಳಿದ್ರೂ ಕೇಳ್ತಿಲ್ಲ. ನೀನು ಅಲ್ಲಿರ್ತೀಯ ಅಂತ ಅವಳಿಗೆ ಗೊತ್ತು.


ಸೆಪ್ಟೆಂಬರ್ 29

ಅಕ್ಕಾ,

ನೀನು ಆರನೇ ಸಾಲಲ್ಲಿ ಕೂತಲ್ಲಿಂದ ಏಳಲಿಲ್ಲ. ಹಾಗಾಗಿ ಬೋರ್ಡ್ ಹತ್ರ ಆಗಿದ್ದು ನಿಂಗೆ ಕಂಡಿರಲ್ಲ. ಚಿಕ್ಕಮ್ಮ ಹೇಳಿರ್ತಾಳೋ ಇಲ್ವೋ. ಇದ್ದದ್ದು ಇದ್ದ ಹಾಗೆ ಬರೀತೀನಿ.

ಕಛೇರಿ ಮುಂಚೆ ಏಳನೇ ಗುಂಡಿ ಮುಟ್ಟಲ್ಲ ಅಂತ ನಿರ್ಧಾರ ಮಾಡ್ಕೊಂಡಿದ್ದೆ. ಆದ್ರೆ ಇಂಥ ನಿರ್ಧಾರ ಹಿಂದೆ ನಾಲ್ಕು ಸಲ ಮಾಡಿದೀನಿ. ಅವನು ಹಾಡು ಶುರು ಮಾಡೋ ಮುಂಚೆ ಮೈಕಲ್ಲಿ ಹೇಳಿದ, "ಈ ಹಾಡು ನಂಗೆ ಒಬ್ಬಳು ಅನಾಮಿಕ ಹಳ್ಳಿ ತಾಯಿ ಕನಸಲ್ಲಿ ಬಂದು ಕೊಟ್ಟಿದ್ದು" ಅಂತ. ಜನ ಚಪ್ಪಾಳೆ ಹೊಡೆದ್ರು. ತಲೆ ಎತ್ತಿ ನೋಡ್ತೀನಿ, ಚಿಕ್ಕಮ್ಮ ಗೋಡೆ ಹಿಡ್ಕೊಂಡು ಒಂದೊಂದೇ ಮೆಟ್ಟಿಲು ಹತ್ತಿ ನನ್ನ ಕಡೆ ಬರ್ತಿದಾಳೆ.

ಬಂದು ಪಕ್ಕದಲ್ಲಿ ನಿಂತ್ಲು. ಐದು ವರ್ಷದ ಮೇಲೆ ನೋಡ್ತಿದೀನಿ, ಅಷ್ಟು ಸಣ್ಣಗಾಗಿದಾಳೆ. ಬೋರ್ಡಿನ ಮೇಲಿನ ಸಣ್ಣ ಸಣ್ಣ ದೀಪ, ಗುಂಡಿ ಎಲ್ಲಾ ನೋಡಿದ್ಲು. ಆಮೇಲೆ ಕಿವಿ ಹತ್ರ ಬಗ್ಗಿ ಕೇಳಿದ್ಲು, "ಪುಟ್ಟಿ ಯಾವುದರಲ್ಲಿದಾಳೆ?"

ಏಳನೇದು ತೋರಿಸಿದೆ.

ಅವಳು ಮುಟ್ಟಲಿಲ್ಲ. ಕೈ ಹಿಂದೆ ಕಟ್ಕೊಂಡು ನಿಂತ್ಲು. ಮೊದಲ ಸಾಲು ಮುಗೀತು. ಗುಂಡಿ ಮೇಲಕ್ಕೆ ತಳ್ಳೋ ಹೊತ್ತು. ನಾನು ಅದನ್ನ ಕೆಳಗೇ ಒತ್ತಿ ಹಿಡಿದು, ಹಿಂದಿನ ತಂತಿ ಕಿತ್ತುಹಾಕಿದೆ. ಹಾಲಲ್ಲಿ ಸದ್ದಿಲ್ಲ. ಒಂದು ಕ್ಷಣ, ಬರೀ ಒಂದು ಕ್ಷಣ, ನಾನು ಗೆದ್ದೆ ಅಂದ್ಕೊಂಡೆ.

ಗಾಯಕ ಬೋರ್ಡ್ ಕಡೆ ನೋಡಿದ. ಕಾದ. ಬರಲ್ಲ ಅಂತ ಗೊತ್ತಾಗಿ, ಮೈಕನ್ನ ತುಟಿಗೆ ತಾಗಿಸಿ, ಕಣ್ಣು ಮುಚ್ಚಿ ಅವನೇ ಆ ಸದ್ದು ಮಾಡಿದ. ಚಿಕ್ಕಮ್ಮನ ಬಿಕ್ಕನ್ನ ಅವನು ಅಭ್ಯಾಸ ಮಾಡಿದಾನೆ ಅಕ್ಕಾ. ಎಲ್ಲಿ ಉಸಿರು ತಡೆಯಬೇಕು ಅನ್ನೋದೂ ಕಲ್ತಿದಾನೆ. ಕೊನೇಲಿ ಸೊಂಟ ಒಂದು ಸಲ ಆಡಿಸಿದ. ಜನ ಕುರ್ಚಿ ಮೇಲೆ ಹತ್ತಿ ಕೂಗಿದ್ರು. ಟೇಪಿನ ಬಿಕ್ಕಿಗೆ ಯಾವತ್ತೂ ಅಷ್ಟು ಶಿಳ್ಳೆ ಬಿದ್ದಿರಲಿಲ್ಲ.

ಚಿಕ್ಕಮ್ಮ ಕರವಸ್ತ್ರ ತೆಗೆದು ಮೂಗಿಗೆ ಇಟ್ಕೊಂಡ್ಲು. ಯಾರೋ ತುಂಬಿದ ಚರಂಡಿ ಕಲ್ಲು ಎತ್ತಿದಾಗ ನೋಡ್ತೀವಲ್ಲ, ಹಾಗೆ ಸ್ಟೇಜನ್ನ ನೋಡಿದ್ಲು. ಹಾಗೇ ತಿರುಗಿ ನನ್ನನ್ನೂ ನೋಡಿದ್ಲು. ನೋಟ ಬದಲಾಗಲಿಲ್ಲ. ಮೆಟ್ಟಿಲಿಳಿದು ಹೋದ್ಲು. ನೀವಿಬ್ರೂ ಹೊರಗೆ ಹೋಗಿದ್ದು ಕಂಡೆ.

ಕಛೇರಿ ಮುಗಿದ ಮೇಲೆ ಗಾಯಕ ಬಂದು ಬೈತಾನೆ ಅಂದ್ಕೊಂಡಿದ್ದೆ. ಬೆನ್ನು ತಟ್ಟಿದ. "ಒಳ್ಳೇದೇ ಆಯ್ತು ಬಿಡಿ ಗುರುಗಳೇ, ಇನ್ಮೇಲೆ ನಾನೇ ಮಾಡ್ತೀನಿ, ಟೇಪ್ ಬೇಕಾಗಿಲ್ಲ" ಅಂದ. ಅವನ ಕೈ ಬೆವರಿತ್ತು. ಆ ಒದ್ದೆ ನನ್ನ ಅಂಗಿಗೆ ಅಂಟ್ಕೊಳ್ತು. ಅಂಗಿ ಅಲ್ಲೇ ಬಿಚ್ಚಿ ಬಿಸಾಕಿ ಬನಿಯನ್ನಲ್ಲಿ ಬಸ್ ಹತ್ತಿದೆ. ಅವನ ಕೆಲಸಕ್ಕೆ ಇನ್ನು ಹೋಗಲ್ಲ. ಇದರಿಂದ ಏನೂ ಸರಿ ಹೋಗಲ್ಲ ಅಂತಲೂ ಗೊತ್ತು. ಹಾಡು ಸಾವಿರ ಕಡೆ ಇದೆ. ಅದನ್ನ ಅಳಿಸೋ ಗುಂಡಿ ನನ್ನ ಹತ್ರ ಇಲ್ಲ, ಯಾರ ಹತ್ರವೂ ಇಲ್ಲ.

ಮೂಲ ಕ್ಯಾಸೆಟ್ಟನ್ನ ಈ ಕಾಗದದ ಜೊತೆ ಕಳಿಸ್ತಿದೀನಿ, ಕೇಳೋಕೆ ಒಂದು ಸಣ್ಣ ಪ್ಲೇಯರ್ ಕೂಡ. ಸುಡೋಕೂ ಕೈ ಬರ್ತಿಲ್ಲ, ಇಟ್ಕೊಳ್ಳೋಕೂ ಆಗ್ತಿಲ್ಲ. ಅವಳದ್ದು ಅವಳಿಗೆ ಕೊಡು.

ತಮ್ಮ


ಅಕ್ಟೋಬರ್ 14

ತಮ್ಮ,

ಪೊಟ್ಟಣ ತಲುಪಿತು. ಒಡೆಯದೇ ಚಿಕ್ಕಮ್ಮನ ಕೈಗೆ ಕೊಟ್ಟೆ. ಮೂರು ದಿನ ದಿಂಬಿನ ಪಕ್ಕ ಇಟ್ಕೊಂಡಿದ್ಲು. ನಾಲ್ಕನೇ ದಿನ ಬೆಳಿಗ್ಗೆ, "ಅವರ ಮನೆ ಎಲ್ಲಿದೆ ತೋರಿಸು" ಅಂದ್ಲು. ಇಪ್ಪತ್ತೊಂಬತ್ತು ವರ್ಷದಿಂದ ಅವಳು ಚಿಕ್ಕಪ್ಪನ ಹೆಸರು ಎತ್ತಿದವಳಲ್ಲ. ನಾನು ಹೋಗಿ ಉಗಿದು ಬಂದಿದ್ದು, ಅವರು ಟೇಪ್ ಒಂದು ಸಲ ಕೇಳಿಸು ಅಂದಿದ್ದು, ಎಲ್ಲಾ ಅವಳಿಗೆ ಮುಂಚೆನೇ ಹೇಳಿದ್ದೆ.

ಮೂರು ಮಹಡಿ ಹತ್ತೋಕೆ ಅರ್ಧ ಗಂಟೆ ಬೇಕಾಯ್ತು. ಬಾಗಿಲು ತೆಗೆದವರು ಅವಳನ್ನ ತಕ್ಷಣ ಗುರುತು ಹಿಡಿದ್ರು. ನಾನು ಅಲ್ಲೇ ಹೊಸ್ತಿಲ ಈಚೆ ನಿಂತು, ಜೋರಾಗಿ, ಅಕ್ಕಪಕ್ಕದೋರಿಗೆ ಕೇಳೋ ಹಾಗೆ, "ತಪ್ಪು ನಿಮ್ಮದಲ್ಲ ಚಿಕ್ಕಪ್ಪಾ, ಅವತ್ತು ಆಡಿದ್ದೆಲ್ಲ ನನ್ನ ತಪ್ಪು" ಅಂದೆ. ಅವರಿಗೆ ಪೂರ್ತಿ ಕೇಳಿಸಿತೋ ಇಲ್ವೋ. "ಹೊಸ್ತಿಲು ಅವತ್ತೇ ಒರೆಸಿದೆ, ಒಳಗೆ ಬಾರಮ್ಮ" ಅಂದ್ರು. ನಾನು ಹೋಗಲಿಲ್ಲ. ಚಿಕ್ಕಮ್ಮ ಒಬ್ಬಳೇ ಹೋಗಿ ಬಾಗಿಲು ಹಾಕ್ಕೊಂಡ್ಲು.

ಮೆಟ್ಟಿಲ ಮೇಲೆ ಕೂತೆ. ಕಿವಿ ಕೇಳದವರಿಗೆ ಅಂತ ಸದ್ದು ಪೂರ್ತಿ ಹೆಚ್ಚಿಸಿರಬೇಕು, 'ದೀಪ' ಅನ್ನೋವರೆಗೂ ಬಾಗಿಲಾಚೆಯಿಂದ ಸ್ಪಷ್ಟವಾಗಿ ಬಂತು. ಎದ್ದೆ. ಎರಡೆರಡು ಮೆಟ್ಟಿಲು ಇಳಿದು ರಸ್ತೆಗೆ ಬಂದೆ. ಎದುರುಗಡೆ ಸೈಕಲ್ ರಿಪೇರಿ ಅಂಗಡಿ, ಅಲ್ಲಿ ಕಬ್ಬಿಣ ಬಡೀತಿದ್ರು. ಅದರ ಪಕ್ಕಕ್ಕೇ ಹೋಗಿ ನಿಂತೆ. ಅದು ನಾನು ಕೇಳೋ ಹಾಡಲ್ಲ. ಅವತ್ತೂ ಕೇಳಬಾರದಿತ್ತು. ಬಾಗಿಲಿಗೆ ಕಿವಿ ಕೊಟ್ಟು ನಿಂತಿದ್ದೆ, ನಿನಗೂ ನನಗೂ ನಡುವೆ ಒಂದು ಟೇಪ್ ಪೆಟ್ಟಿಗೆಯಷ್ಟೇ ವ್ಯತ್ಯಾಸ.

ನಲವತ್ತು ನಿಮಿಷ ಆದ ಮೇಲೆ ಚಿಕ್ಕಮ್ಮ ಇಳಿದು ಬಂದ್ಲು. ಕೈ ಖಾಲಿ. ಕ್ಯಾಸೆಟ್ ಅಲ್ಲೇ ಬಿಟ್ಟಳೋ, ಇಬ್ಬರೂ ಸೇರಿ ಏನು ಮಾಡಿದ್ರೋ, ನಾನು ಕೇಳಲಿಲ್ಲ, ಅವಳು ಹೇಳಲಿಲ್ಲ. ಬಸ್ಸಲ್ಲಿ ಕಿಟಕಿ ಪಕ್ಕ ಕೂತು ನನ್ನ ಹೆಗಲಿಗೆ ತಲೆ ಕೊಟ್ಟು ನಿದ್ದೆ ಮಾಡಿದ್ಲು. ಇಳಿಯೋವಾಗ ಮಾತ್ರ, "ಅವನಿಗೆ ಬರಿ. ಬಂದು ಹೋಗ್ಲಿ" ಅಂದ್ಲು.

ಬರೆದಿದೀನಿ. ಅದು ಅವಳ ಮಾತು. ನನ್ನದು ಬೇರೆ. ಗಾಯಕನ ಮೇಲಿನ ಹೇಸಿಗೆ ಪೋಸ್ಟರ್ ಜೊತೆ ಹರಿದು ಹೋಗುತ್ತೆ, ಅವನು ನಂಗೇನೂ ಆಗಬೇಕಾಗಿಲ್ಲ. ನಿನ್ನ ಮೇಲಿನದು ಹೋಗ್ತಿಲ್ಲ. ಹೆಗಲ ಮೇಲೆ ಜೊಲ್ಲು ಸುರಿಸ್ಕೊಂಡು ಮಲಗಿದ್ದ ಮುಖ ಜ್ಞಾಪಿಸ್ಕೊಳ್ಳೋಕೆ ನೋಡ್ತೀನಿ, ಗುಂಡಿ ತಳ್ಳೋ ಬೆರಳುಗಳೇ ಕಣ್ಣ ಮುಂದೆ ಬರ್ತವೆ. ಒಂದು ದಿನ ಹೋಗಬಹುದು. ಯಾವಾಗ ಅಂತ ನಂಗೆ ಗೊತ್ತಿಲ್ಲ.

ಸೋಮವಾರದಿಂದ ಶನಿವಾರದವರೆಗೆ ನಾನು ಬೆಳಿಗ್ಗೆ ಒಂಬತ್ತಕ್ಕೆ ಕ್ಲಿನಿಕ್ಕಿಗೆ ಹೋದ್ರೆ ಮನೆಗೆ ಬರೋದು ಸಂಜೆ ಆರೂವರೆಗೆ. ಚಿಕ್ಕಮ್ಮ ಮನೇಲೇ ಇರ್ತಾಳೆ. ಆ ಹೊತ್ತಿನಲ್ಲಿ ಬಾ.